ಕಾಲ್ಚೆಂಡು ಪ್ರಶ್ನೋತ್ತರ: ಅಂಕಪಟ್ಟಿ ಓದುವುದು, ಲೀಗ್ ನಡೆಸುವುದು

ಇಂಡಿಯನ್ ಸೂಪರ್ ಲೀಗ್‌ನ (ಐಎಸ್‌ಎಲ್) 2024-25ರ ಸೀಸನ್ ಬಗ್ಗೆ ಮಂಗಳೂರು, ಉಡುಪಿ ಕಡೆಯ ಓದುಗರು ಬರೆದ ಪತ್ರಗಳಲ್ಲಿ ಹೆಚ್ಚಿನವು ಅಂಕಪಟ್ಟಿಯ ಲೆಕ್ಕಾಚಾರದ ಬಗ್ಗೆಯೇ ಇವೆ. ಬೆಂಗ್ರೆಯಿಂದ ಬಂದ ಒಂದು ಪತ್ರ ಮಾತ್ರ ಊರಲ್ಲೇ ಲೀಗ್ ನಡೆಸಲು ಹೊರಟವರದು. ಅದಕ್ಕೆ ಜಾಗ ಹೆಚ್ಚು ಕೊಟ್ಟಿದ್ದೇವೆ.

ಪ್ರಶ್ನೆ: ಬೆಂಗಳೂರು ಎಫ್‌ಸಿ, ನಾರ್ತ್‌ಈಸ್ಟ್ ಯುನೈಟೆಡ್, ಜಮ್‌ಶೆಡ್‌ಪುರ ಮೂರೂ ತಂಡಗಳಿಗೆ 38 ಅಂಕ. ಗೋಲು ವ್ಯತ್ಯಾಸ ನಾರ್ತ್‌ಈಸ್ಟ್‌ನದ್ದೇ ದೊಡ್ಡದು. ಹಾಗಿದ್ದೂ ಬೆಂಗಳೂರಿಗೆ ಮೂರನೇ ಸ್ಥಾನ ಸಿಕ್ಕಿದ್ದು ಹೇಗೆ? (ಕಾರ್‌ಸ್ಟ್ರೀಟ್, ಮಂಗಳೂರು)

ನೀವು ಗಮನಿಸಿದ್ದು ಸರಿ. ನಾರ್ತ್‌ಈಸ್ಟ್‌ನ ಗೋಲು ವ್ಯತ್ಯಾಸ (ಹೊಡೆದ ಗೋಲಿನಿಂದ ಬಿಟ್ಟುಕೊಟ್ಟದ್ದನ್ನು ಕಳೆದರೆ ಉಳಿಯುವುದು) 17, ಬೆಂಗಳೂರಿನದು 9. ಜಮ್‌ಶೆಡ್‌ಪುರವಂತೂ ಹೊಡೆದದ್ದಕ್ಕಿಂತ 6 ಗೋಲು ಹೆಚ್ಚು ಬಿಟ್ಟುಕೊಟ್ಟಿತ್ತು. ಆದರೆ ಅಂಕ ಸಮವಾದಾಗ ಐಎಸ್‌ಎಲ್ ಮೊದಲು ನೋಡುವುದು ಒಟ್ಟು ಗೋಲು ವ್ಯತ್ಯಾಸವನ್ನಲ್ಲ, ಸಮಬಂದ ತಂಡಗಳು ಪರಸ್ಪರ ಆಡಿದ ಪಂದ್ಯಗಳನ್ನು. ಆ ಲೆಕ್ಕದಲ್ಲಿ ಬೆಂಗಳೂರು ಮುಂದೆ ಬಂತು.

ಎರಡೇ ತಂಡ ಸಮಬಂದರೆ ಲೆಕ್ಕ ಸುಲಭ: ಅವೆರಡರ ನಡುವಿನ ಎರಡು ಪಂದ್ಯ ನೋಡಿದರೆ ಸಾಕು. ಮೂರು ತಂಡ ಬಂದರೆ ಆ ಮೂರರ ನಡುವಿನ ಪಂದ್ಯಗಳನ್ನಷ್ಟೇ ಹೆಕ್ಕಿ ಒಂದು ಚಿಕ್ಕ ಪಟ್ಟಿ ಮಾಡಬೇಕು. ಒಟ್ಟು 6 ಪಂದ್ಯ, ತಂಡಕ್ಕೆ ತಲಾ 4. ಉಳಿದ ಹತ್ತು ತಂಡಗಳ ಮೇಲೆ ಎಷ್ಟು ಗೋಲು ಸುರಿದಿದ್ದರೂ ಈ ಚಿಕ್ಕ ಪಟ್ಟಿಯೊಳಗೆ ಅದಕ್ಕೆ ಬೆಲೆಯಿಲ್ಲ. ಮನೆಯಲ್ಲಿ ಕೂತು ಲೆಕ್ಕ ಹಾಕುವವರು ಎಡವುವುದು ಇಲ್ಲೇ. ಟಿವಿಯ ಪಟ್ಟಿಯಲ್ಲಿ ಗೋಲು ವ್ಯತ್ಯಾಸದ ಅಂಕಿ ಎದ್ದು ಕಾಣುತ್ತದೆ, ಪರಸ್ಪರ ಪಂದ್ಯಗಳಿಗೆ ಅಲ್ಲಿ ಜಾಗವೇ ಇರುವುದಿಲ್ಲ.

ಈ ನಿಯಮ ಎಲ್ಲ ದೇಶದಲ್ಲೂ ಒಂದೇ ಅಲ್ಲ. ಇಂಗ್ಲೆಂಡಿನ ಪ್ರೀಮಿಯರ್ ಲೀಗ್‌ನಲ್ಲಿ ಮೊದಲು ಗೋಲು ವ್ಯತ್ಯಾಸ. 2011-12ರಲ್ಲಿ ಮ್ಯಾಂಚೆಸ್ಟರ್‌ನ ಎರಡೂ ತಂಡಗಳಿಗೆ 89 ಅಂಕ ಬಂದಾಗ ಸಿಟಿಯ 64, ಯುನೈಟೆಡ್‌ನ 56ನ್ನು ಹಿಂದಿಕ್ಕಿತು. ಸ್ಪೇನಿನಲ್ಲಿ ನಮ್ಮ ಹಾಗೆಯೇ ಪರಸ್ಪರ ಪಂದ್ಯ ಮೊದಲು. ಅಲ್ಲಿ 2006-07ರಲ್ಲಿ ರಿಯಲ್ ಮ್ಯಾಡ್ರಿಡ್, ಬಾರ್ಸಿಲೋನಾ ಎರಡಕ್ಕೂ 76 ಅಂಕ. ಬಾರ್ಸಿಲೋನಾದ ಗೋಲು ವ್ಯತ್ಯಾಸ 45, ಮ್ಯಾಡ್ರಿಡ್‌ನದು 26 ಮಾತ್ರ. ಆದರೂ ಪರಸ್ಪರ ಪಂದ್ಯಗಳಲ್ಲಿ ಒಂದು ಗೆದ್ದು ಒಂದು ಡ್ರಾ ಮಾಡಿಕೊಂಡ ಮ್ಯಾಡ್ರಿಡ್ ಚಾಂಪಿಯನ್ ಆಯಿತು.

ಗೆಲುವಿಗೆ 3, ಡ್ರಾಗೆ 1 ಅಂಕ ಕೊಡುವುದರ ಪರಿಣಾಮವೂ ಇದೇ ಮೂರು ತಂಡಗಳಲ್ಲಿ ಚೆನ್ನಾಗಿ ಕಾಣುತ್ತದೆ. ಬೆಂಗಳೂರು 11 ಗೆಲುವು, 5 ಡ್ರಾ. ನಾರ್ತ್‌ಈಸ್ಟ್ 10 ಗೆಲುವು, 8 ಡ್ರಾ. ಜಮ್‌ಶೆಡ್‌ಪುರ 12 ಗೆಲುವು, ಬರೀ 2 ಡ್ರಾ, 10 ಸೋಲು. ಗೆಲುವಿಗೆ 2 ಅಂಕವಿದ್ದ ಹಳೆಯ ಪದ್ಧತಿಯಲ್ಲಿ ಇವರು ಸಮಬರುತ್ತಲೇ ಇರಲಿಲ್ಲ: ನಾರ್ತ್‌ಈಸ್ಟ್ 28, ಬೆಂಗಳೂರು 27, ಜಮ್‌ಶೆಡ್‌ಪುರ 26. ಸೋಲಿಗೆ ಅಂಜದೆ ಗೆಲ್ಲಲೆಂದೇ ಆಡುವ ತಂಡಕ್ಕೆ 3 ಅಂಕದ ಪದ್ಧತಿ ಎಷ್ಟು ಒತ್ತಾಸೆ ಕೊಡುತ್ತದೆ ಎಂಬುದಕ್ಕೆ ಜಮ್‌ಶೆಡ್‌ಪುರಕ್ಕಿಂತ ಒಳ್ಳೆಯ ಉದಾಹರಣೆ ಬೇಡ.

ಮೂರನೇ ಸ್ಥಾನದಿಂದ ಬೆಂಗಳೂರಿಗೆ ಸಿಕ್ಕಿದ್ದು ಆರನೇ ಸ್ಥಾನದ ಮುಂಬೈ ಸಿಟಿ ವಿರುದ್ಧ ತವರಿನಲ್ಲೇ ಒಂದು ಪಂದ್ಯದ ನಾಕೌಟ್. ಕಂಠೀರವದಲ್ಲಿ ಅದನ್ನು 5-0ರಿಂದ ಗೆದ್ದರು. ನಾಲ್ಕನೇ ಸ್ಥಾನಕ್ಕಿಳಿದ ನಾರ್ತ್‌ಈಸ್ಟ್ ಐದನೇ ಸ್ಥಾನದ ಜಮ್‌ಶೆಡ್‌ಪುರಕ್ಕೆ ಶಿಲ್ಲಾಂಗ್‌ನಲ್ಲಿ 0-2ರಿಂದ ಸೋತು ಹೊರಬಿತ್ತು.

ಪ್ರಶ್ನೆ: ಶೀಲ್ಡ್ ಬೇರೆ, ಕಪ್ ಬೇರೆ ಎನ್ನುತ್ತಾರೆ. ನಿಜವಾದ ಚಾಂಪಿಯನ್ ಯಾರು? (ಮಣಿಪಾಲ)

ಲೀಗ್ ಹಂತದಲ್ಲಿ ಪಟ್ಟಿಯ ತುದಿಯಲ್ಲಿ ನಿಂತ ತಂಡಕ್ಕೆ ಲೀಗ್ ವಿನ್ನರ್ಸ್ ಶೀಲ್ಡ್. 2024-25ರಲ್ಲಿ ಮೇಲಿನ ಆರು ತಂಡಗಳ ಪ್ಲೇಆಫ್ ಗೆದ್ದವರಿಗೆ ಐಎಸ್‌ಎಲ್ ಕಪ್ ಸಿಕ್ಕಿತು. ಶೀಲ್ಡ್ ಕೊಡಲು ಶುರುಮಾಡಿದ್ದು 2019-20ರಲ್ಲಿ. ಮೊದಲ ಶೀಲ್ಡ್ ಎಫ್‌ಸಿ ಗೋವಾದ ಪಾಲಾಯಿತು, ಅದೇ ವರ್ಷ ಕಪ್ ಕೋಲ್ಕತ್ತದ ಎಟಿಕೆ ತಂಡಕ್ಕೆ ಹೋಯಿತು. ಎರಡನ್ನೂ ಒಂದೇ ಸೀಸನ್‌ನಲ್ಲಿ ಗೆದ್ದದ್ದು 2020-21ರಲ್ಲಿ ಮುಂಬೈ ಸಿಟಿ, ಆಮೇಲೆ 2024-25ರಲ್ಲಿ ಮೋಹನ್ ಬಾಗಾನ್.

ನಮ್ಮ ತೂಕ ಶೀಲ್ಡ್ ಕಡೆಗೇ. ಸೆಪ್ಟೆಂಬರ್‌ನಿಂದ ಮಾರ್ಚ್‌ವರೆಗೆ, ಪ್ರತಿ ಎದುರಾಳಿಯನ್ನೂ ತವರಿನಲ್ಲೊಮ್ಮೆ, ಹೊರಗೊಮ್ಮೆ ಎದುರಿಸಿ ಗಳಿಸಿದ್ದು ಅದು. ಗಾಯ, ಅಮಾನತು, ಕೆಟ್ಟ ರೆಫರಿ ತೀರ್ಪು ಎಲ್ಲವೂ 24 ಪಂದ್ಯಗಳಲ್ಲಿ ಹಂಚಿಹೋಗುತ್ತವೆ. ಏಷ್ಯಾ ಮಟ್ಟದ ಚಾಂಪಿಯನ್ಸ್ ಲೀಗ್ ಟು ಟೂರ್ನಿಗೆ ದಾರಿ ಕೊಟ್ಟದ್ದೂ ಶೀಲ್ಡೇ ಹೊರತು ಕಪ್ ಅಲ್ಲ.

ಮೋಹನ್ ಬಾಗಾನ್‌ನ ಆ ಸೀಸನ್ ಅಂಕಿಗಳನ್ನು ಒಮ್ಮೆ ಬಿಡಿಸಿ ನೋಡಿ: 17 ಗೆಲುವು, 5 ಡ್ರಾ, 2 ಸೋಲು, 56 ಅಂಕ. ಲೀಗ್ ಹಂತದಲ್ಲಿ 50 ಅಂಕ ದಾಟಿದ ಮೊದಲ ತಂಡ, ಸತತ ಎರಡು ಶೀಲ್ಡ್ ಗೆದ್ದ ಮೊದಲ ತಂಡ. ಹೊಡೆದದ್ದು 47 ಗೋಲು, ಬಿಟ್ಟುಕೊಟ್ಟದ್ದು 16 ಮಾತ್ರ. ಎರಡೂ ಸೋಲು ಹೊರಗಿನ ಅಂಗಳದಲ್ಲಿ: ಬೆಂಗಳೂರಿನಲ್ಲಿ 0-3, ಗೋವಾದಲ್ಲಿ 1-2. ಫೆಬ್ರವರಿ 23ರಂದು ಒಡಿಶಾ ವಿರುದ್ಧ ಹೆಚ್ಚುವರಿ ನಿಮಿಷಗಳಲ್ಲಿ ದಿಮಿತ್ರಿ ಪೆಟ್ರಾಟೋಸ್ ಹೊಡೆದ ಒಂದೇ ಗೋಲಿನಿಂದ, ಇನ್ನೂ ಎರಡು ಪಂದ್ಯ ಬಾಕಿಯಿರುವಾಗಲೇ ಶೀಲ್ಡ್ ಖಚಿತವಾಯಿತು. ಈ ತಂಡದ ಬಲ ಹಿಂಬದಿಯಲ್ಲಿತ್ತು. ನಾಯಕ, ಡಿಫೆಂಡರ್ ಸುಭಾಶಿಷ್ ಬೋಸ್ ಒಬ್ಬರೇ 6 ಗೋಲು ಹೊಡೆದರು. ಕಾರ್ನರ್, ಫ್ರೀಕಿಕ್‌ಗಳಿಗೆ ಡಿಫೆಂಡರ್‌ಗಳು ಮುಂದೆ ಹೋಗಿ ತಲೆ ಕೊಡುವುದನ್ನು ಅವರು ತಾಲೀಮಿನ ಮುಖ್ಯ ಭಾಗ ಮಾಡಿಕೊಂಡದ್ದು ಆಟದಲ್ಲೇ ಕಾಣುತ್ತಿತ್ತು.

ಕಪ್ ಫೈನಲ್ ಏಪ್ರಿಲ್ 12ರಂದು ಕೋಲ್ಕತ್ತದಲ್ಲಿ. ಅಲ್ಬರ್ಟೊ ರೊಡ್ರಿಗಸ್ ಅವರ ಸ್ವಂತ ಗೋಲಿನಿಂದ ಬೆಂಗಳೂರು ಮುಂದಿತ್ತು. ಜೇಸನ್ ಕಮಿಂಗ್ಸ್ ಪೆನಾಲ್ಟಿಯಿಂದ ಸಮ ಮಾಡಿದರು, ಹೆಚ್ಚುವರಿ ಅವಧಿಯಲ್ಲಿ ಜೇಮೀ ಮ್ಯಾಕ್ಲಾರೆನ್ ಗೆಲುವಿನ ಗೋಲು ಹೊಡೆದರು. ಹಿಂದಿನ ಸೀಸನ್‌ನಲ್ಲಿ 10ನೇ ಸ್ಥಾನದಲ್ಲಿದ್ದ ಬೆಂಗಳೂರು ಅಲ್ಲಿಯವರೆಗೆ ಬಂದದ್ದೇ ದೊಡ್ಡ ಸಾಧನೆ. ಅದರಲ್ಲಿ 40 ವರ್ಷದ ಸುನಿಲ್ ಛೆಟ್ರಿ ಅವರ 14 ಗೋಲುಗಳ ಪಾಲು ಎಷ್ಟೆಂದು ಬೇರೆ ಹೇಳಬೇಕಿಲ್ಲ.

ಪ್ರಶ್ನೆ: ಸೆಮಿಫೈನಲ್‌ನ ಎರಡನೇ ಪಂದ್ಯ ಗೋವಾ 2-1ರಿಂದ ಗೆದ್ದಿತು. ಫೈನಲ್‌ಗೆ ಹೋದದ್ದು ಬೆಂಗಳೂರು. ಏಕೆ? (ಕುಂದಾಪುರ)

ಎರಡು ಪಂದ್ಯಗಳ ಗೋಲುಗಳನ್ನು ಕೂಡಿಸಬೇಕು. ಮೊದಲ ಪಂದ್ಯ ಬೆಂಗಳೂರಿಗೆ 2-0. ಹಾಗಾಗಿ ಒಟ್ಟು 3-2. ತನ್ನ ತವರು ಅಂಗಳ ಫಟೋರ್ಡಾದಲ್ಲಿ ಗೋವಾ 88ನೇ ನಿಮಿಷಕ್ಕೆ 2-0 ಮಾಡಿ ಒಟ್ಟು ಲೆಕ್ಕ ಸಮಕ್ಕೆ ತಂದಿತ್ತು. ಹೆಚ್ಚುವರಿ ಅವಧಿ ಬಂತೆನ್ನುವಾಗ ಛೆಟ್ರಿ ತಲೆ ಕೊಟ್ಟು ಗೋಲು ಹೊಡೆದರು. ಹೊರಗಿನ ಅಂಗಳದಲ್ಲಿ ಹೊಡೆದ ಗೋಲಿಗೆ ವಿಶೇಷ ಬೆಲೆ ಏನೂ ಇರಲಿಲ್ಲ.

ಪ್ರಶ್ನೆ: ಕಸಬಾ ಬೆಂಗ್ರೆ ಸುತ್ತಮುತ್ತ ನಾವು ಇಷ್ಟು ವರ್ಷ ನಾಕೌಟ್ ಟೂರ್ನಮೆಂಟ್ ಮಾತ್ರ ನೋಡಿದ್ದು. ಈ ಸಲ 7 ತಂಡಗಳ ಲೀಗ್ ಮಾಡುವ ಯೋಚನೆ. ಒಂದೇ ಮೈದಾನ, ಭಾನುವಾರ ಮಾತ್ರ. ಪಟ್ಟಿ ಹಾಕುವ ಕ್ರಮ ಹೇಗೆ? ಏನೇನು ಜಾಗ್ರತೆ ಬೇಕು?

ಬಹಳ ಒಳ್ಳೆಯ ಯೋಚನೆ. ನಾಕೌಟ್‌ನಲ್ಲಿ ಅರ್ಧ ತಂಡಗಳು ಒಂದೇ ಪಂದ್ಯ ಆಡಿ ಮನೆಗೆ ಹೋಗುತ್ತವೆ. ಲೀಗ್‌ನಲ್ಲಿ ಕೊನೆಯ ತಂಡಕ್ಕೂ 6 ಪಂದ್ಯ ಸಿಗುತ್ತದೆ, ಹುಡುಗರು ಪಳಗುವುದು ಅದರಲ್ಲೇ.

ಒಟ್ಟು ಪಂದ್ಯ: 7ನ್ನು 6ರಿಂದ ಗುಣಿಸಿ ಅರ್ಧ ಮಾಡಿದರೆ 21. ತಂಡಗಳ ಸಂಖ್ಯೆ ಬೆಸವಾದ್ದರಿಂದ ಪ್ರತಿ ವಾರ ಒಂದು ತಂಡಕ್ಕೆ ವಿಶ್ರಾಂತಿ, ಉಳಿದ ಆರು ತಂಡಗಳ ನಡುವೆ 3 ಪಂದ್ಯ. ಅಂದರೆ 7 ಭಾನುವಾರ. ಐಎಸ್‌ಎಲ್‌ನಲ್ಲೂ 2024-25ರಲ್ಲಿ 13 ತಂಡಗಳಿದ್ದುದರಿಂದ ಪ್ರತಿ ಸುತ್ತಿನಲ್ಲಿ ಒಂದು ತಂಡ ಖಾಲಿ ಕೂರುತ್ತಿತ್ತು. ನಡುಸೀಸನ್‌ನಲ್ಲಿ ಒಬ್ಬರದು 15 ಪಂದ್ಯ, ಇನ್ನೊಬ್ಬರದು 14 ಎಂದು ಕಾಣುತ್ತಿದ್ದುದಕ್ಕೆ ಇದೂ ಒಂದು ಕಾರಣ.

ಪಟ್ಟಿ ಹಾಕಲು ಏಳು ಚೀಟಿಗಳಿಗೆ 1ರಿಂದ 7 ನಂಬರ್ ಹಾಕಿ, ಎಂಟನೆಯದರಲ್ಲಿ ‘ವಿಶ್ರಾಂತಿ’ ಎಂದು ಬರೆಯಿರಿ. ಮೇಜಿನ ಮೇಲೆ ಎರಡು ಸಾಲು ಮಾಡಿ. ಮೇಲಿನ ಸಾಲು ಎಡದಿಂದ: ವಿಶ್ರಾಂತಿ, 1, 2, 3. ಕೆಳಗಿನ ಸಾಲು ಎಡದಿಂದ: 7, 6, 5, 4. ಮೇಲೆ ಕೆಳಗೆ ಎದುರುಬದುರು ಬಂದವರು ಮೊದಲ ವಾರದ ಜೋಡಿ. ಮುಂದಿನ ವಾರಕ್ಕೆ ‘ವಿಶ್ರಾಂತಿ’ ಚೀಟಿ ಮುಟ್ಟಬೇಡಿ. ಉಳಿದ ಏಳನ್ನು ಗಡಿಯಾರದ ಮುಳ್ಳಿನ ದಿಕ್ಕಿನಲ್ಲಿ ಒಂದೊಂದು ಮನೆ ಸರಿಸಿ. ಹಾಗೆ ಮಾಡಿದಾಗ ಬರುವುದು ಇದು:

1ನೇ ವಾರ: 1-6, 2-5, 3-4, ವಿಶ್ರಾಂತಿ 7
2ನೇ ವಾರ: 5-7, 1-4, 2-3, ವಿಶ್ರಾಂತಿ 6
3ನೇ ವಾರ: 4-6, 3-7, 1-2, ವಿಶ್ರಾಂತಿ 5
4ನೇ ವಾರ: 3-5, 2-6, 1-7; ವಿಶ್ರಾಂತಿ 4
5ನೇ ವಾರ: 2-4, 1-5, 6-7, ವಿಶ್ರಾಂತಿ 3
6ನೇ ವಾರ: 1-3, 4-7, 5-6, ವಿಶ್ರಾಂತಿ 2
7ನೇ ವಾರ: 2-7, 3-6, 4-5, ವಿಶ್ರಾಂತಿ 1

ಪಟ್ಟಿ ಮೊದಲು ಪ್ರಕಟವಾಗಲಿ, ಯಾವ ತಂಡಕ್ಕೆ ಯಾವ ನಂಬರ್ ಎಂಬ ಚೀಟಿಯನ್ನು ಆಮೇಲೆ ಎಲ್ಲ ತಂಡಗಳ ಎದುರೇ ಎತ್ತಿ. ಈ ಕ್ರಮ ತಿರುಗುಮುರುಗಾದರೆ ‘ನಮಗೆ ಬೇಕೆಂದೇ ಹೀಗೆ ಹಾಕಿದ್ದಾರೆ’ ಎಂಬ ಮಾತು ಬಾರದೇ ಇರುವುದಿಲ್ಲ. ಒಂದನೇ ನಂಬರ್ ಬಂದವರಿಗೆ ಕೊನೆಯ ವಾರ ಆಟವಿಲ್ಲ ಎಂಬುದನ್ನೂ ಮೊದಲೇ ಹೇಳಿಬಿಡಿ.

ತಿಂಗಳು ಆರಿಸುವಾಗ ಪತ್ತನಾಜೆಯನ್ನು (ಮೇ ಕೊನೆಯ ಹೊತ್ತಿಗೆ ಬರುವ ತುಳುನಾಡಿನ ಆಚರಣೆಯ ದಿನ) ಕೊನೆಯ ಗಡಿ ಎಂದು ಇಟ್ಟುಕೊಳ್ಳಬೇಡಿ, ಅಷ್ಟು ಹೊತ್ತಿಗೆ ಸಂಜೆ ಸಿಡಿಲು ಮಳೆ ಶುರುವಾಗಿರುತ್ತದೆ. ಏಪ್ರಿಲ್, ಮೇ ಸೆಕೆಯಲ್ಲಿ ಆಟದ ವೇಗವೇ ಬೀಳುತ್ತದೆ. ನವೆಂಬರ್ ಮಧ್ಯದಲ್ಲಿ ಶುರುಮಾಡಿ, 7 ಭಾನುವಾರದ ಜೊತೆ 2 ಭಾನುವಾರ ಖಾಲಿ ಇಟ್ಟರೆ ಜನವರಿ ಮಧ್ಯಕ್ಕೆ ಮುಗಿಯುತ್ತದೆ. ಜನವರಿಯಲ್ಲಿ ಶುರುಮಾಡುವುದಾದರೆ ರಂಜಾನ್ ತಿಂಗಳು ಎಲ್ಲಿ ಬೀಳುತ್ತದೆಂದು ಮೊದಲು ನೋಡಿ. ಉಪವಾಸದ ಹುಡುಗರನ್ನು ಮಧ್ಯಾಹ್ನ ಮೂರಕ್ಕೆ ಓಡಿಸುವುದು ತಪ್ಪು.

ಹೊತ್ತಿನ ಲೆಕ್ಕ: ತಲಾ 30 ನಿಮಿಷದ ಎರಡು ಅವಧಿ, ನಡುವೆ 10 ನಿಮಿಷ, ನಿಂತ ಹೊತ್ತಿಗೆ ಮತ್ತು ತಂಡ ಬದಲಾವಣೆಗೆ 10. ಒಂದು ಪಂದ್ಯಕ್ಕೆ 80 ನಿಮಿಷ. ಡಿಸೆಂಬರ್‌ನಲ್ಲಿ ನಮ್ಮಲ್ಲಿ ಆರರ ಹೊತ್ತಿಗೆ ಸೂರ್ಯ ಮುಳುಗುತ್ತಾನೆ. ಆದ್ದರಿಂದ ಒಂದು ಪಂದ್ಯ ಬೆಳಿಗ್ಗೆ ಏಳೂವರೆಗೆ, ಎರಡು ಸಂಜೆ: 3 ಗಂಟೆಗೆ, 4.25ಕ್ಕೆ. ಮೂರನ್ನೂ ಸಂಜೆಗೇ ತುರುಕಿದರೆ ಕೊನೆಯ ಪಂದ್ಯದ ಎರಡನೇ ಅವಧಿ ಕತ್ತಲಲ್ಲಿ. ಬೆಳಗಿನ ಪಂದ್ಯ ಒಂದೇ ತಂಡದ ಪಾಲಿಗೆ ಮತ್ತೆ ಮತ್ತೆ ಬಾರದಂತೆ ಸರದಿ ಮಾಡಿ. ಸಂಜೆ ಕಡಲ ಗಾಳಿ ಜೋರಾಗಿರುತ್ತದೆ, ಟಾಸ್ ಗೆದ್ದವರು ಮೊದಲು ಗಾಳಿಯ ಕಡೆ ನೋಡಲಿ.

ಚೆಂಡು 5ನೇ ಅಳತೆಯದು: ಸುತ್ತಳತೆ 68ರಿಂದ 70 ಸೆಂ.ಮೀ., ತೂಕ 410ರಿಂದ 450 ಗ್ರಾಂ. ನಿಮ್ಮಲ್ಲಿ ಒಂದು ಕಡೆ ಕಡಲು, ಒಂದು ಕಡೆ ನದಿ. ಮೂರು ಚೆಂಡಾದರೂ ಗಾಳಿ ತುಂಬಿ ಸಿದ್ಧವಿರಲಿ. ಬಿಸಿಲಿಗೆ ಬಿಟ್ಟ ಚೆಂಡು ಉಬ್ಬಿ ಗಟ್ಟಿಯಾಗುತ್ತದೆ, ನೆರಳಲ್ಲಿಡಿ, ಪಂದ್ಯಕ್ಕೆ ಮುಂಚೆ ಒತ್ತಡ ನೋಡಿ.

ಲೀಗ್‌ಗಳು ಕೆಡುವುದು ಆಟದಿಂದ ಅಲ್ಲ, ಬರೆದಿಡದ ನಿಯಮದಿಂದ. ಮೊದಲ ಸೀಟಿ ಊದುವ ಮುಂಚೆ ಈ ನಾಲ್ಕು ಸಂಗತಿ ಬರೆದು ಏಳೂ ನಾಯಕರ ಸಹಿ ಪಡೆಯಿರಿ.

ಅಂಕ ಸಮಬಂದರೆ ಏನು? ನಿಮ್ಮದು ಒಂದೇ ಸುತ್ತಿನ ಲೀಗ್. ಇಬ್ಬರ ನಡುವೆ ಒಂದೇ ಪಂದ್ಯ ಇರುವುದರಿಂದ ಪರಸ್ಪರ ಪಂದ್ಯಕ್ಕಿಂತ ಒಟ್ಟು ಗೋಲು ವ್ಯತ್ಯಾಸವನ್ನೇ ಮೊದಲು ಇಡುವುದು ನ್ಯಾಯ ಎಂಬುದು ನಮ್ಮ ಅಭಿಪ್ರಾಯ. ಆಮೇಲೆ ಹೊಡೆದ ಗೋಲು, ಆಮೇಲೆ ಪರಸ್ಪರ ಪಂದ್ಯ, ಕೊನೆಗೆ ಕಾರ್ಡ್‌ಗಳ ಲೆಕ್ಕ.

ತಂಡ ಬಾರದಿದ್ದರೆ? 15 ನಿಮಿಷ ಕಾದು ಎದುರಾಳಿಗೆ 3-0 ಗೆಲುವು ಕೊಡಿ. ನಡುವೆ ಲೀಗನ್ನೇ ಬಿಟ್ಟುಹೋದರೆ ಎರಡು ದಾರಿ ಇಟ್ಟುಕೊಳ್ಳಿ. ಆ ತಂಡ 3 ಅಥವಾ ಅದಕ್ಕಿಂತ ಕಡಿಮೆ ಪಂದ್ಯ ಆಡಿದ್ದರೆ ಅದರ ಎಲ್ಲ ಫಲಿತಾಂಶ ಅಳಿಸಿ. ಅದಕ್ಕಿಂತ ಹೆಚ್ಚು ಆಡಿದ್ದರೆ ಉಳಿದವನ್ನು 3-0 ಎಂದು ಬರೆಯಿರಿ. ಅಳಿಸದೆ ಬಿಟ್ಟರೆ ಮೊದಲ ವಾರ ಅವರೊಂದಿಗೆ ಬೆವರು ಸುರಿಸಿ ಡ್ರಾ ಮಾಡಿದವರಿಗೆ ನಷ್ಟ, ಆಮೇಲೆ ಆಡಬೇಕಿದ್ದವರಿಗೆ ಪುಕ್ಕಟೆ 3 ಅಂಕ.

ಆಟಗಾರರ ಪಟ್ಟಿ? ತಂಡಕ್ಕೆ 18 ಹೆಸರು, ಫೋಟೋ ಸಮೇತ. ಮೂರನೇ ವಾರದ ನಂತರ ಹೊಸ ಹೆಸರು ಸೇರಿಸುವಂತಿಲ್ಲ. ಹೊರಗಿನ ಆಟಗಾರರನ್ನು ಕೊನೆಯ ಪಂದ್ಯಕ್ಕೆ ಕರೆತರುವುದರಿಂದಲೇ ನಮ್ಮೂರಿನ ಟೂರ್ನಮೆಂಟ್‌ಗಳಲ್ಲಿ ಜಗಳ ಹತ್ತುವುದು. ದೇಶದ ಎರಡನೇ ಹಂತದ ಐ-ಲೀಗ್‌ನಲ್ಲೇ 2024-25ರ ಪ್ರಶಸ್ತಿ ನೋಂದಣಿ ತಕರಾರಿನಲ್ಲಿ ಸಿಕ್ಕಿಕೊಂಡಿತ್ತು. ಮೊದಲು ಚರ್ಚಿಲ್ ಬ್ರದರ್ಸ್ ಚಾಂಪಿಯನ್ ಎಂದಾಗಿ, ಕೊನೆಗೆ ಸ್ವಿಟ್ಜರ್‌ಲೆಂಡಿನಲ್ಲಿರುವ ಕ್ರೀಡಾ ನ್ಯಾಯಮಂಡಳಿ ಜುಲೈ 2025ರಲ್ಲಿ ಇಂಟರ್ ಕಾಶಿಗೆ ಪ್ರಶಸ್ತಿ ಕೊಡಬೇಕೆಂದು ತೀರ್ಪಿತ್ತಿತು.

ಕಾರ್ಡ್? 2024-25ರ ಐಎಸ್‌ಎಲ್‌ನಲ್ಲಿ ನಾಲ್ಕು ಹಳದಿ ಕಾರ್ಡ್‌ಗೆ ಒಂದು ಪಂದ್ಯ ಅಮಾನತು ಇತ್ತು. ಅಲ್ಲಿ ಆಗ 24 ಪಂದ್ಯ. ನಿಮ್ಮಲ್ಲಿ 6 ಮಾತ್ರ, ಹಾಗಾಗಿ ಎರಡು ಹಳದಿಗೇ ಒಂದು ಪಂದ್ಯ ಹೊರಗಿಡಿ. ಕಾರ್ಡ್ ಲೆಕ್ಕದ ಪುಸ್ತಕ ಒಬ್ಬರ ಕೈಯಲ್ಲೇ ಇರಲಿ, ಅವರು ಯಾವ ತಂಡಕ್ಕೂ ಸೇರಿದವರಾಗಿರಬಾರದು.

ಇನ್ನು ಕೊನೆಯ ವಾರ. 1982ರ ವಿಶ್ವಕಪ್‌ನಲ್ಲಿ ಅಲ್ಜೀರಿಯಾ ತನ್ನ ಗುಂಪಿನ ಕೊನೆಯ ಪಂದ್ಯವನ್ನು ಹಿಂದಿನ ದಿನವೇ ಆಡಿ ಮುಗಿಸಿತ್ತು. ಮರುದಿನ ಪಶ್ಚಿಮ ಜರ್ಮನಿ, ಆಸ್ಟ್ರಿಯಾ ಎರಡಕ್ಕೂ ಎಷ್ಟು ಗೋಲಿನ ಫಲಿತಾಂಶ ಸಾಕೆಂದು ಗೊತ್ತಿತ್ತು. ಜರ್ಮನಿ ಬೇಗನೆ ಒಂದು ಗೋಲು ಹೊಡೆಯಿತು, ಉಳಿದ ಹೊತ್ತು ಎರಡೂ ತಂಡ ಚೆಂಡು ಹಿಂದೆ ಮುಂದೆ ತಳ್ಳುತ್ತ ಕಾಲ ಕಳೆದವು. ಅಲ್ಜೀರಿಯಾ ಹೊರಬಿತ್ತು. 1986ರಿಂದ ಗುಂಪಿನ ಕೊನೆಯ ಪಂದ್ಯಗಳನ್ನು ಒಂದೇ ಹೊತ್ತಿಗೆ ಆಡಿಸುವ ಕ್ರಮ ಬಂತು. ಒಂದೇ ಮೈದಾನದಲ್ಲಿ ಇದು ಸಾಧ್ಯವಿಲ್ಲ. ಹಾಗಾಗಿ ಏಳನೇ ವಾರಕ್ಕೆ ಮಾತ್ರ ಹತ್ತಿರದ ಇನ್ನೊಂದು ಮೈದಾನ ಕೇಳಿ, ಪ್ರಶಸ್ತಿಗೆ ಸಂಬಂಧಪಟ್ಟ ಎರಡು ಪಂದ್ಯ ಒಂದೇ ಹೊತ್ತಿಗೆ ನಡೆಯಲಿ. ಮೈದಾನ ಸಿಗದಿದ್ದರೆ ಪ್ರಶಸ್ತಿಗೆ ಸಂಬಂಧವಿಲ್ಲದ ಪಂದ್ಯವನ್ನು ಬೆಳಿಗ್ಗೆ ಮುಗಿಸಿ, ಉಳಿದೆರಡನ್ನು ನಡುವೆ ಬಿಡುವಿಲ್ಲದೆ ಆಡಿಸಿ.

ಪ್ರಶ್ನೆ: ಸೀಸನ್ ಅರ್ಧದಲ್ಲಿರುವಾಗ ನಮ್ಮ ತಂಡ ಮೊದಲ ಆರರಲ್ಲಿ ಬರುತ್ತದೋ ಇಲ್ಲವೋ ಎಂದು ಅಂದಾಜು ಮಾಡುವುದು ಹೇಗೆ? (ಸುರತ್ಕಲ್)

ಪಂದ್ಯಕ್ಕೆ ಎಷ್ಟು ಅಂಕ ಎಂದು ನೋಡಿ, ಸ್ಥಾನ ನೋಡಬೇಡಿ. 2024-25ರಲ್ಲಿ ಆರನೇ ಸ್ಥಾನದ ಮುಂಬೈ ಸಿಟಿಗೆ 24 ಪಂದ್ಯಗಳಿಂದ 36 ಅಂಕ, ಅಂದರೆ ಸರಾಸರಿ ಒಂದೂವರೆ. ಏಳನೇ ಸ್ಥಾನದ ಒಡಿಶಾ 33ರಲ್ಲಿ ನಿಂತಿತು. ಅದರ ಹಿಂದಿನ ಸೀಸನ್‌ನಲ್ಲಿ ಚೆನ್ನೈಯಿನ್ 22 ಪಂದ್ಯಗಳಿಂದ 27 ಅಂಕ ಗಳಿಸಿಯೇ ಆರನೆಯದಾಗಿತ್ತು. ಆದ್ದರಿಂದ ಒಂದೂವರೆಯ ಸರಾಸರಿ ಇದ್ದರೆ ನಿಶ್ಚಿಂತೆಗೆ ಹತ್ತಿರ. 1.2ಕ್ಕೆ ಇಳಿದರೆ ಬೇರೆಯವರ ಫಲಿತಾಂಶ ಕಾಯಬೇಕು. ಉಳಿದ ಪಂದ್ಯಗಳಲ್ಲಿ ತವರಿನವು ಎಷ್ಟು ಎಂಬುದನ್ನೂ ಎಣಿಸಿ.

ಪ್ರಶ್ನೆ: ಮೊಹಮ್ಮದನ್ ಸ್ಪೋರ್ಟಿಂಗ್ ಬರೀ 13 ಅಂಕ ಪಡೆದು ಕೊನೆಯ ಸ್ಥಾನದಲ್ಲಿದ್ದರೂ ಕೆಳಗಿನ ಲೀಗ್‌ಗೆ ಹೋಗಲಿಲ್ಲವೇಕೆ? (ಮಲ್ಪೆ)

ಆ ಸೀಸನ್‌ನಲ್ಲಿ ಐಎಸ್‌ಎಲ್‌ನಿಂದ ಹಿಂಬಡ್ತಿ ಇರಲಿಲ್ಲ. ಐ-ಲೀಗ್ ಗೆದ್ದವರಿಗೆ ಮೇಲೆ ಬರುವ ದಾರಿ ಮಾತ್ರ ತೆರೆದಿತ್ತು. ಮೊದಲು ಪಂಜಾಬ್ ಎಫ್‌ಸಿ, ಮರುವರ್ಷ ಮೊಹಮ್ಮದನ್ ಹಾಗೆಯೇ ಬಂದವರು. ಕೆಳಗೆ ಬೀಳುವ ಭಯವಿಲ್ಲದ ಲೀಗ್‌ನಲ್ಲಿ ಫೆಬ್ರವರಿಯ ಹೊತ್ತಿಗೆ ಕೆಳಗಿನ ನಾಲ್ಕೈದು ತಂಡಗಳ ಪಂದ್ಯಗಳಿಗೆ ಅರ್ಥವೇ ಉಳಿಯುವುದಿಲ್ಲ. ಇದು ಆಗ ನಮ್ಮ ಲೀಗ್‌ನ ದೊಡ್ಡ ಕೊರತೆಯಾಗಿತ್ತು.

ಪ್ರಶ್ನೆ: 2025-26ರ ಸೀಸನ್ ಸೆಪ್ಟೆಂಬರ್‌ನಲ್ಲಿ ಶುರುವಾಗದೆ ಫೆಬ್ರವರಿಗೆ ಹೋದದ್ದು ಏಕೆ? (ಉಡುಪಿ)

ಲೀಗ್ ನಡೆಸುವ ಹಕ್ಕಿನ ಒಪ್ಪಂದ ಮುಗಿಯುತ್ತಿತ್ತು. ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ ಡಿಸೆಂಬರ್ 2010ರಲ್ಲಿ ಮಾಡಿಕೊಂಡ ಆ ಒಪ್ಪಂದದ ಅವಧಿ 15 ವರ್ಷ, ಅಂದರೆ ಡಿಸೆಂಬರ್ 2025ರವರೆಗೆ. ಸೀಸನ್‌ನ ಮಧ್ಯದಲ್ಲೇ ಹಕ್ಕು ಮುಗಿದುಹೋಗುವಾಗ ಶುರುಮಾಡಲಾಗದು ಎಂದು ಲೀಗ್ ನಡೆಸುವ ಸಂಸ್ಥೆ ಜುಲೈ 2025ರಲ್ಲಿ ಕೈಚೆಲ್ಲಿತು. ಹೊಸ ಪಾಲುದಾರರಿಗಾಗಿ ಅಕ್ಟೋಬರ್‌ನಲ್ಲಿ ಕರೆದ ಟೆಂಡರ್‌ಗೆ ನವೆಂಬರ್‌ನ ಗಡುವಿನೊಳಗೆ ಒಬ್ಬರೂ ಬಿಡ್ ಹಾಕಲಿಲ್ಲ. ಜನವರಿ 2026ರಲ್ಲಿ ಕೇಂದ್ರ ಕ್ರೀಡಾ ಸಚಿವರು ಫೆಬ್ರವರಿ 14ರಿಂದ 14 ತಂಡಗಳ ಲೀಗ್ ಎಂದು ಘೋಷಿಸಿದರು: ಒಂದೇ ಸುತ್ತು, ತಂಡಕ್ಕೆ 13 ಪಂದ್ಯ, ಒಟ್ಟು 91.

ಪಂದ್ಯ 24ರಿಂದ 13ಕ್ಕೆ ಇಳಿದರೆ ಪಟ್ಟಿಯನ್ನು ಓದುವ ರೀತಿಯೂ ಬದಲಾಗಬೇಕು. 13 ಬೆಸ ಸಂಖ್ಯೆ, ಆದ್ದರಿಂದ ಎಲ್ಲರಿಗೂ ತವರಿನ ಪಂದ್ಯ ಸಮನಾಗಿ ಸಿಗುವುದು ಸಾಧ್ಯವೇ ಇಲ್ಲ. ಗಟ್ಟಿ ಎದುರಾಳಿಯನ್ನು ಒಬ್ಬರು ತವರಿನಲ್ಲಿ ಎದುರಿಸಿದರೆ ಇನ್ನೊಬ್ಬರು ಅವರ ಅಂಗಳಕ್ಕೇ ಹೋಗಿ ಆಡಬೇಕು, ಆ ಕೊರತೆ ತುಂಬಿಕೊಳ್ಳಲು ಎರಡನೇ ಸುತ್ತಿಲ್ಲ. ಮೊದಲ ಮೂರು ವಾರ ಎಡವಿದ ತಂಡಕ್ಕೆ ಸುಧಾರಿಸಿಕೊಳ್ಳಲು 10 ಪಂದ್ಯ ಮಾತ್ರ. ಇಂಥ ಸೀಸನ್‌ನಲ್ಲಿ ಒಂದೆರಡು ಅಂಕದ ಅಂತರ ಕಂಡು ಈ ತಂಡ ಮೇಲು, ಆ ತಂಡ ಕೀಳು ಎಂದು ತೀರ್ಮಾನಿಸಬೇಡಿ.

ಪ್ರಶ್ನೆ: ಇಲ್ಲಿಂದ ಹೋಗಿ ಐಎಸ್‌ಎಲ್ ಪಂದ್ಯ ನೋಡಲು ಯಾವ ಊರು ಅನುಕೂಲ? (ಕಾಪು)

ನಿಮಗೆ ಗೋವಾದ ಮಡಗಾಂವ್. ಕೊಂಕಣ ರೈಲಿನಲ್ಲಿ ಉಡುಪಿಯಿಂದ ನೇರ ಹೋಗಬಹುದು, ಘಟ್ಟ ಹತ್ತುವ ಕೆಲಸವಿಲ್ಲ. ಎಫ್‌ಸಿ ಗೋವಾದ ಫಟೋರ್ಡಾ ಸ್ಟೇಡಿಯಂ ಮಡಗಾಂವ್ ಊರಲ್ಲೇ ಇದೆ, ನಿಲ್ದಾಣದಿಂದ ರಿಕ್ಷಾ ಸಾಕು. ಕಂಠೀರವದಲ್ಲಿ ಅಂಗಳದ ಸುತ್ತ ಓಟದ ಟ್ರ್ಯಾಕ್ ಇರುವುದರಿಂದ ಆಟ ಸ್ವಲ್ಪ ದೂರವಾಗುತ್ತದೆ. ಅಲ್ಲಿ ಹೋದರೆ ಗೋಲಿನ ಹಿಂದೆ ಕೂರುವ ಬದಲು ಉದ್ದ ಬದಿಯ ಸ್ಟ್ಯಾಂಡಿನಲ್ಲಿ, ಮೇಲಿನ ಸಾಲಿನ ಟಿಕೆಟ್ ತೆಗೆದುಕೊಳ್ಳಿ, ತಂಡದ ಸಾಲುಗಳು ಸರಿಯುವುದು ಅಲ್ಲಿಂದಲೇ ಸ್ಪಷ್ಟ. ರಾತ್ರಿ ಏಳೂವರೆಯ ಪಂದ್ಯ ಮುಗಿದು ಹೊರಬರುವಾಗ ಒಂಬತ್ತೂವರೆ ದಾಟಿರುತ್ತದೆ. ಹತ್ತೂವರೆಗಿಂತ ಮೊದಲಿನ ಬಸ್ಸು, ರೈಲು ಕಾದಿರಿಸಬೇಡಿ. ನಾಕೌಟ್ ಪಂದ್ಯವಾದರೆ ಹೆಚ್ಚುವರಿ ಅವಧಿಗೆ 30 ನಿಮಿಷ, ಪೆನಾಲ್ಟಿಗೆ ಇನ್ನೊಂದಿಷ್ಟು ಹೊತ್ತು ಹಿಡಿಯಬಹುದು, ಆ ರಾತ್ರಿ ಅಲ್ಲೇ ಉಳಿದು ಬೆಳಿಗ್ಗೆ ಹೊರಡುವುದು ಒಳ್ಳೆಯದು.